ಮುಚ್ಚಿಹೋದ ಆಶ್‌ಬರ್ಟನ್ ನಿಲ್ದಾಣದ ಮಾದರಿ: ಪತ್ರಾಗಾರದ ನಕ್ಷೆಗಳಲ್ಲಿ ಯಾವುದನ್ನು ನಂಬಬೇಕು?

ಕವಲುಹಳಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿದ್ದ ಆಶ್‌ಬರ್ಟನ್ ರೈಲು ನಿಲ್ದಾಣದ ಮಾದರಿಯನ್ನು ಅಡಿಗೆ 4 ಮಿಲಿಮೀಟರ್ ಪ್ರಮಾಣದಲ್ಲಿ, ಎಂದರೆ 1:76.2ರಲ್ಲಿ, ಕಟ್ಟುವ ಸಿದ್ಧತೆಯಲ್ಲಿದ್ದೇನೆ. ಟಾಟ್ನೆಸ್‌ನಿಂದ ಹೊರಟು ಬಕ್‌ಫಾಸ್ಟ್‌ಲೀಯನ್ನು ಹಾದು ಬರುತ್ತಿದ್ದ ಕವಲು ಮಾರ್ಗದ ಕೊನೆಯ ನಿಲ್ದಾಣ ಇದು. 1872ರ ಮೇ 1ರಂದು ತೆರೆದ ಈ ನಿಲ್ದಾಣಕ್ಕೆ 1958ರ ನವೆಂಬರ್‌ನಿಂದ ಪ್ರಯಾಣಿಕರ ಗಾಡಿಗಳು ಬರಲಿಲ್ಲ; 1962ರಲ್ಲಿ ಸರಕು ಸಾಗಣೆಯೂ ನಿಂತಿತು. ಬಕ್‌ಫಾಸ್ಟ್‌ಲೀಯಿಂದ ಇಲ್ಲಿಗೆ ಬರುತ್ತಿದ್ದ ಹಳಿಯ ದಾರಿ ಮುಂದೆ ಎ38 ಹೆದ್ದಾರಿಯ ಪಾಲಾದ್ದರಿಂದ, ನಿಲ್ದಾಣದ ಹಳಿಗಳು ಹೇಗೆ ಹಾಸಿದ್ದವೆಂದು ಸ್ಥಳದಲ್ಲಿ ನಿಂತು ಅಳೆದು ತಿಳಿಯುವ ಅವಕಾಶ ಈಗ ಉಳಿದಿಲ್ಲ. ಏನಿದ್ದರೂ ಕಾಗದವನ್ನೇ ನಂಬಬೇಕು.

ನನ್ನ ಬಳಿ ಇರುವ ಕಾಗದಗಳು ಇಷ್ಟು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:2500 ಪ್ರಮಾಣದ ನಕ್ಷೆಯ ಎರಡು ಆವೃತ್ತಿಗಳು ಸ್ಕ್ಯಾನ್ ರೂಪದಲ್ಲಿವೆ. ಇಂಚಿಗೆ 40 ಅಡಿಯಂತೆ ಬರೆದ ನಿಲ್ದಾಣದ ನಕ್ಷೆಯೊಂದರ ಜೆರಾಕ್ಸ್ ಪ್ರತಿ ಇದೆ. ಇದು ಹವ್ಯಾಸಿಯೊಬ್ಬರಿಂದ ಕೈಯಿಂದ ಕೈಗೆ ಬಂದದ್ದು, ಶೀರ್ಷಿಕೆಯ ಭಾಗ ಕತ್ತರಿಸಿಹೋಗಿದೆ, ವರ್ಷ ಎಲ್ಲಿಯೂ ಕಾಣುವುದಿಲ್ಲ. ಇವುಗಳ ಜೊತೆಗೆ ಏಳೆಂಟು ಛಾಯಾಚಿತ್ರಗಳಿವೆ.

ತೊಂದರೆ ಎದುರಾದದ್ದು ಇವನ್ನು ಒಂದರ ಮೇಲೊಂದು ಇಟ್ಟಾಗ. ಸರ್ವೆ ನಕ್ಷೆಯನ್ನು 32.8 ಪಟ್ಟು, ನಿಲ್ದಾಣದ ನಕ್ಷೆಯನ್ನು 6.3 ಪಟ್ಟು ಹಿಗ್ಗಿಸಿ, ಎರಡನ್ನೂ ಮಾದರಿಯ ಅಳತೆಗೆ ತಂದು, ಹಳಿ ಕೊನೆಗೊಳ್ಳುವ ಬಫರ್‌ನ ಕಡೆಯಲ್ಲಿ ಸರಿಯಾಗಿ ಕೂಡಿಸಿದರೆ, ಸುಮಾರು 3 ಮೀಟರ್ ಆಚೆಗಿನ ಇನ್ನೊಂದು ತುದಿಯಲ್ಲಿ 28 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ನಿಜವಾದ ಅಳತೆಯಲ್ಲಿ ಇದು 7 ಅಡಿ. ಅಡ್ಡಗಲದಲ್ಲಿ ಮಾತ್ರ ಎರಡೂ ಚೆನ್ನಾಗಿಯೇ ಹೊಂದುತ್ತವೆ. ಒಂದು ನಕ್ಷೆಯನ್ನು ನಂಬಿ ಇನ್ನೊಂದನ್ನು ಬದಿಗಿಡಬೇಕೆ? ಹಾಗಿದ್ದರೆ ಯಾವುದನ್ನು? ನಿಲ್ದಾಣದ ನಕ್ಷೆಯಲ್ಲಿ ಕೆಲವು ರೇಖೆಗಳು ಉಳಿದವುಗಳಿಗಿಂತ ಮಸುಕಾಗಿವೆ; ಮೂಲದಲ್ಲಿ ಅವು ಬೇರೆ ಬಣ್ಣದಲ್ಲಿ ಇದ್ದಿರಬಹುದೆಂಬುದು ನನ್ನ ಊಹೆ.

ಕಟ್ಟಡದ ಎದುರುನೋಟ, ಪಕ್ಕನೋಟಗಳ ಚಿತ್ರವಂತೂ ಇನ್ನೂ ಸಿಕ್ಕಿಲ್ಲ. ಪತ್ರಾಗಾರಗಳ ಸೂಚಿಯಲ್ಲಿ ಆಶ್‌ಬರ್ಟನ್ ಎಂದು ಹುಡುಕಿದರೆ ಬೆರಳೆಣಿಕೆಯ ದಾಖಲೆಗಳಷ್ಟೇ ಬರುತ್ತವೆ. ಮೊದಲ ಹಲಗೆಯನ್ನು ಕತ್ತರಿಸುವ ಮುನ್ನ ಇವನ್ನೆಲ್ಲ ಇತ್ಯರ್ಥ ಮಾಡಿಕೊಳ್ಳಬೇಕೆಂಬುದು ನನ್ನ ಆಸೆ. ಅನುಭವವುಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ಹಳೆಕಡತ

ಕವಲುಹಳಿ ಅವರೇ, ಹಲಗೆ ಕತ್ತರಿಸುವ ಮೊದಲೇ ಕೇಳಿದಿರಿ, ಅದು ಒಳ್ಳೆಯದಾಯಿತು. ಅಳತೆಯ ವಿಷಯವನ್ನು ಬಲ್ಲವರು ಹೇಳಲಿ. ನಾನು ಹುಡುಕಾಟದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮಗೆ ಬೆರಳೆಣಿಕೆಯ ದಾಖಲೆಗಳಷ್ಟೇ ಸಿಕ್ಕಿರುವುದಕ್ಕೆ ಕಾರಣ ದಾಖಲೆಗಳ ಕೊರತೆಯಲ್ಲ, ಹುಡುಕಿದ ಹೆಸರು ಎಂದು ನನಗೆ ಅನ್ನಿಸುತ್ತದೆ.

ರೈಲ್ವೆಯ ಕಡತಗಳು ಊರಿನ ಹೆಸರಿನಲ್ಲಿ ಹುಟ್ಟುವುದಿಲ್ಲ, ಕಂಪನಿಯ ಹೆಸರಿನಲ್ಲಿ ಹುಟ್ಟುತ್ತವೆ. ಕಂಪನಿ ಕೈ ಬದಲಾದಾಗ ಕಡತವೂ ಕೈ ಬದಲಾಯಿಸುತ್ತದೆ. ನಿಮ್ಮ ನಿಲ್ದಾಣವನ್ನು ಕಟ್ಟಿಸಿದ್ದು ಬಕ್‌ಫಾಸ್ಟ್‌ಲೀ, ಟಾಟ್ನೆಸ್ ಅಂಡ್ ಸೌತ್ ಡೆವನ್ ರೈಲ್ವೆ ಎಂಬ ಚಿಕ್ಕ ಕಂಪನಿ. ಗಾಡಿಗಳನ್ನು ಓಡಿಸಿದ್ದು ಅದಲ್ಲ, ಸೌತ್ ಡೆವನ್ ರೈಲ್ವೆ. 1876ರಲ್ಲಿ ಸೌತ್ ಡೆವನ್‌ನ ಕಾರುಬಾರು ಗ್ರೇಟ್ ವೆಸ್ಟರ್ನ್ ರೈಲ್ವೆಯ ಕೈಗೆ ಹೋಯಿತು. ಆದರೂ ಚಿಕ್ಕ ಕಂಪನಿ ಕಾಗದದ ಮೇಲೆ ಬದುಕಿಯೇ ಇದ್ದು, 1897ರಲ್ಲಿ ಗ್ರೇಟ್ ವೆಸ್ಟರ್ನ್‌ನೊಳಗೆ ಸೇರಿತು. 1948ರ ಜನವರಿ 1ರಿಂದ ಎಲ್ಲವೂ ಬ್ರಿಟಿಷ್ ರೈಲ್ವೇಸ್‌ನ ವೆಸ್ಟರ್ನ್ ರೀಜನ್ ಆಯಿತು. ಹೀಗಾಗಿ ಒಂದೇ ಸೈಡಿಂಗ್‌ನ (ಪಕ್ಕದ ಹಳಿಯ) ಕತೆ ನಾಲ್ಕು ಹೆಸರುಗಳ ಕೆಳಗೆ ಹಂಚಿಹೋಗಿರಬಹುದು. ಇಂಗ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಲಂಡನ್ನಿನ ಕ್ಯೂ ಎಂಬಲ್ಲಿದೆ. ಅಲ್ಲಿ ಹಳೆಯ ಕಂಪನಿಗಳ ದಾಖಲೆಗಳನ್ನು ‘ರೈಲ್’ ಎಂಬ ವಿಭಾಗದಲ್ಲಿ ಕಂಪನಿಗೊಂದು ಸಂಖ್ಯೆಯಂತೆ ಜೋಡಿಸಿದ್ದಾರೆ. ನಾಲ್ಕು ಹೆಸರುಗಳನ್ನೂ ಒಂದೊಂದಾಗಿ ಹುಡುಕಿ. ಊರಿನ ಹೆಸರಿಲ್ಲದೆ ‘ಟಾಟ್ನೆಸ್ ಕವಲು ಮಾರ್ಗ’ ಎಂದಷ್ಟೇ ನಮೂದಾಗಿರುವ ಕಟ್ಟುಗಳನ್ನು ಬಿಡಬೇಡಿ.

ಅದೇ ಪತ್ರಾಗಾರದ ‘ಎಂಟಿ 6’ ಎಂಬ ಸರಣಿಯನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುತ್ತೇನೆ. ಪ್ರಯಾಣಿಕರ ಮಾರ್ಗವೊಂದನ್ನು ತೆರೆಯುವ ಮುನ್ನ ಬೋರ್ಡ್ ಆಫ್ ಟ್ರೇಡ್ ಎಂಬ ಸರ್ಕಾರಿ ಇಲಾಖೆಯ ತಪಾಸಣಾಧಿಕಾರಿ ಬಂದು ನೋಡಿ, ಸುರಕ್ಷಿತವಲ್ಲವೆಂದು ಕಂಡರೆ ತೆರೆಯುವುದನ್ನೇ ಮುಂದೂಡಿಸಬಹುದೆಂಬ ಕಾಯಿದೆ 1842ರಷ್ಟು ಹಿಂದೆಯೇ ಬಂದಿತ್ತು. ಆ ತಪಾಸಣೆಗಳ ಪತ್ರವ್ಯವಹಾರ ಈ ಸರಣಿಯಲ್ಲಿದೆ. 1889ರ ಕಾಯಿದೆ ಸಿಗ್ನಲ್‌ಗಳನ್ನೂ ಪಾಯಿಂಟ್‌ಗಳನ್ನೂ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಗಳನ್ನು) ಪರಸ್ಪರ ಬಂಧಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿಸುವ ಅಧಿಕಾರ ಕೊಟ್ಟ ಮೇಲೆ ಚಿಕ್ಕ ನಿಲ್ದಾಣಗಳೂ ಹೊಸ ಕೆಲಸ ಮಾಡಿಸಿ ಮತ್ತೆ ತಪಾಸಣೆಗೆ ಒಳಗಾದವು. ಇಂಥ ವರದಿಯೊಂದಿಗೆ ನಕ್ಷೆ ಲಗತ್ತಾಗಿದ್ದರೆ ಅದು ಚಿನ್ನ: ಅದರ ತಾರೀಖು ಗೊತ್ತಿರುತ್ತದೆ, ಮತ್ತು ಅದರಲ್ಲಿರುವುದನ್ನು ಒಬ್ಬ ಅಧಿಕಾರಿ ಸ್ಥಳದಲ್ಲಿ ನಿಂತು ನೋಡಿ ಒಪ್ಪಿದ್ದಾನೆ ಅಥವಾ ತಿದ್ದಿಸಿದ್ದಾನೆ.

ಎಲ್ಲ ನಕ್ಷೆಗಳಿಗೂ ಈ ಮಾತು ಸಲ್ಲುವುದಿಲ್ಲ. ಹೊಸಬರು ಬಹುಬೇಗ ಮೋಸಹೋಗುವುದು ಪಾರ್ಲಿಮೆಂಟಿಗೆ ಸಲ್ಲಿಸಿದ ನಕ್ಷೆಗಳಿಂದ. ಮಾರ್ಗ ಕಟ್ಟಲು ಅನುಮತಿಯ ಕಾಯಿದೆ ಪಡೆಯಲು ಹೊರಟ ಪ್ರತಿಯೊಂದು ಕಂಪನಿಯೂ ತನ್ನ ಮಾರ್ಗದ ನಕ್ಷೆಯನ್ನು ಪಾರ್ಲಿಮೆಂಟಿಗಲ್ಲದೆ ಪ್ರಾಂತ್ಯದ ಕಚೇರಿಗೂ ಕೊಡಬೇಕಿತ್ತು. ಡೆವನ್‌ಗೆ ಸಂಬಂಧಿಸಿದವನ್ನು ಎಕ್ಸೆಟರ್‌ನ ಡೆವನ್ ಹೆರಿಟೇಜ್ ಸೆಂಟರ್‌ನಲ್ಲಿ ವಿಚಾರಿಸಬೇಕು. ನೋಡಲು ಬಹಳ ಸೊಗಸಾದ ನಕ್ಷೆಗಳಿವು. ಆದರೆ ಅವು ಹೇಳುವುದು ಕಂಪನಿಗೆ ಏನು ಮಾಡಬೇಕೆಂದಿತ್ತು ಎಂಬುದನ್ನು. ಏನು ಮಾಡಿತು ಎಂಬುದನ್ನಲ್ಲ. 1845ರ ಸಾಮಾನ್ಯ ಕಾಯಿದೆಯ ಪ್ರಕಾರ ಊರ ಹೊರಗೆ 100 ಗಜ, ಊರೊಳಗೆ 10 ಗಜದವರೆಗೆ ಮಾರ್ಗವನ್ನು ಪಕ್ಕಕ್ಕೆ ಸರಿಸಲು ಕಂಪನಿಗೆ ಅನುಮತಿ ಇತ್ತು. ಜಮೀನುಗಳ ಮಾಲೀಕರು ಯಾರು, ಊರಿನ ರಸ್ತೆ ಮೊದಲು ಎಲ್ಲಿತ್ತು ಎಂದು ತಿಳಿಯಲು ಆ ನಕ್ಷೆಗಳನ್ನು ಬಳಸಿ. ಪಾಯಿಂಟ್‌ಗಳ ಜಾಗಕ್ಕಾಗಿ ಖಂಡಿತ ಬೇಡ.

ಆಸ್ತಿಯ ನಕ್ಷೆಗಳು ಇಂಚಿಗೆ ಎರಡು ಚೈನ್ ಪ್ರಮಾಣದಲ್ಲಿರುವುದು ರೂಢಿ. ಒಂದು ಚೈನ್ ಎಂದರೆ 66 ಅಡಿ, 80 ಚೈನ್ ಸೇರಿದರೆ ಒಂದು ಮೈಲಿ. (ನಮ್ಮ ಗುಂಟೆಯ ಒಂದು ಬದಿ 33 ಅಡಿ, ಎಂದರೆ ಸರಿಯಾಗಿ ಅರ್ಧ ಚೈನ್; ಎಕರೆಯ ಲೆಕ್ಕ ಬಲ್ಲವರಿಗೆ ಈ ನಕ್ಷೆಗಳು ಪರಕೀಯವೆನಿಸುವುದಿಲ್ಲ.) ಇಂಥ ನಕ್ಷೆಯನ್ನು ಬರೆದವನ ಕಾಳಜಿಯೆಲ್ಲ ಬೇಲಿಯ ಮೇಲೆ, ಗಡಿಯ ಮೇಲೆ. ಹಳಿಗಳನ್ನು ಅವನು ಅಂದಾಜಿನಲ್ಲಿ ಎಳೆದಿರುವ ಸಾಧ್ಯತೆ ಇದೆ. ಸಿಗ್ನಲ್, ಪಾಯಿಂಟ್‌ಗಳನ್ನು ನಡೆಸುವ ಕೋಣೆಯಾದ ಸಿಗ್ನಲ್ ಬಾಕ್ಸ್‌ನ ಚಿತ್ರದಲ್ಲಿ ಇದರ ತದ್ವಿರುದ್ಧ: ಉದ್ದಗಲಗಳಿಗೆ ಅಲ್ಲಿ ಬೆಲೆಯೇ ಇಲ್ಲ, ಆದರೆ ಯಾವ ಲಿವರ್ ಯಾವ ಪಾಯಿಂಟನ್ನು ತಿರುಗಿಸುತ್ತಿತ್ತು ಎಂಬುದರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಇದಕ್ಕಾಗಿ ಸಿಗ್ನಲಿಂಗ್ ರೆಕಾರ್ಡ್ ಸೊಸೈಟಿಯವರನ್ನು ಸಂಪರ್ಕಿಸಿ.

ನಿಮ್ಮ ಮಸುಕು ರೇಖೆಗಳ ಬಗ್ಗೆ ನಿಮ್ಮ ಊಹೆ ಸರಿಯಾಗಿರುವ ಸಂಭವ ಹೆಚ್ಚು. ಹೊಸದಾಗಿ ಮಾಡಬೇಕಾದ ಕೆಲಸವನ್ನು ಇರುವ ನಕ್ಷೆಯ ಮೇಲೆಯೇ ಕೆಂಪು ಮಸಿಯಲ್ಲಿ ತೋರಿಸುವುದು ಅಂದಿನ ಕಚೇರಿಗಳ ಪದ್ಧತಿ. ಕಪ್ಪುಬಿಳುಪಿನ ಜೆರಾಕ್ಸ್‌ನಲ್ಲಿ ‘ಇರುವುದು’ ಮತ್ತು ‘ಆಗಬೇಕಾದದ್ದು’ ಎರಡೂ ಒಂದಾಗಿಬಿಡುತ್ತವೆ, ಆಗಬೇಕಾದದ್ದು ಆಯಿತೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಆದ್ದರಿಂದ ಮೂಲ ಎಲ್ಲಿದೆಯೆಂದು ಹುಡುಕಿ, ಬಣ್ಣದ ಪ್ರತಿಯನ್ನೇ ತರಿಸಿಕೊಳ್ಳಿ. ಹಾಳೆಯ ನಾಲ್ಕೂ ಅಂಚುಗಳು ಮತ್ತು ಹಿಂಬದಿ ಅದರಲ್ಲಿ ಬರಬೇಕೆಂದು ಬರೆದು ತಿಳಿಸಿ. ತಾರೀಖು, ನಕ್ಷೆಯ ಸಂಖ್ಯೆ, ಕಚೇರಿಯ ಮೊಹರುಗಳು ಇರುವುದು ಅಂಚಿನಲ್ಲಿ ಅಥವಾ ಬೆನ್ನಿನ ಮೇಲೆ. ಪ್ರತಿಯನ್ನು ಇಲ್ಲಿ ಹಂಚಿಕೊಳ್ಳುವ ಮುನ್ನ ಪತ್ರಾಗಾರದ ಅನುಮತಿ ಪಡೆಯುವುದನ್ನು ಮರೆಯಬೇಡಿ.

ಅಳತೆಗೋಲು

28 ಮಿಲಿಮೀಟರ್ ವ್ಯತ್ಯಾಸದ ಬಗ್ಗೆ ಹೇಳುತ್ತೇನೆ. ಎರಡು ನಕ್ಷೆಗಳಲ್ಲಿ ಒಂದನ್ನು ಬದಿಗಿಡಬೇಕಾದ ಪ್ರಸಂಗ ಇದಲ್ಲವೆಂದು ನನ್ನ ಅಭಿಪ್ರಾಯ. ಮೊದಲು ಪ್ರತಿಯೊಂದು ನಕ್ಷೆಯೂ ಎಷ್ಟು ಸೂಕ್ಷ್ಮವಾಗಿ ಮಾತನಾಡಬಲ್ಲದು ಎಂದು ತಿಳಿದುಕೊಳ್ಳಬೇಕು.

1:2500ರ ಸರ್ವೆ ನಕ್ಷೆಯಲ್ಲಿ 0.3 ಮಿಲಿಮೀಟರ್ ದಪ್ಪದ ಒಂದು ಗೆರೆ ನೆಲದ ಮೇಲೆ 75 ಸೆಂಟಿಮೀಟರ್ ಅಗಲವನ್ನು ನುಂಗುತ್ತದೆ. ಅದನ್ನು ನಿಮ್ಮ ಪ್ರಮಾಣಕ್ಕೆ ತಂದಾಗ ಗೆರೆಯೇ ಸುಮಾರು 10 ಮಿಲಿಮೀಟರ್ ದಪ್ಪವಾಗುತ್ತದೆ. ಅದೇ ಗೆರೆ ಇಂಚಿಗೆ 40 ಅಡಿಯ, ಎಂದರೆ 1:480ರ ನಕ್ಷೆಯಲ್ಲಿದ್ದರೆ ಮಾದರಿಯಲ್ಲಿ 2 ಮಿಲಿಮೀಟರಿಗೂ ಕಡಿಮೆ. ಹೀಗಾಗಿ ಪ್ಲಾಟ್‌ಫಾರ್ಮ್‌ನ ಅಗಲ 12 ಅಡಿಯೋ 13 ಅಡಿಯೋ ಎಂಬಂಥ ಪ್ರಶ್ನೆಯನ್ನು ಸರ್ವೆ ನಕ್ಷೆಗೆ ಕೇಳುವುದೇ ತಪ್ಪು. ಆದರೆ ನಿಮ್ಮ ವ್ಯತ್ಯಾಸ 7 ಅಡಿ, ಅದು ಗೆರೆಯ ದಪ್ಪವನ್ನು ಮೀರಿದ್ದು; ಇಲ್ಲಿ ಸರ್ವೆ ನಕ್ಷೆಯ ಮಾತಿಗೆ ಬೆಲೆ ಕೊಡಲೇಬೇಕು.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅಡ್ಡಗಲದಲ್ಲಿ ಎರಡೂ ಹೊಂದುತ್ತವೆ ಎಂಬ ಮಾತು. ನಕ್ಷೆ ಬರೆದವನು ತಪ್ಪು ಮಾಡಿದ್ದರೆ ಒಂದೆರಡು ಕಡೆ ಮಾತ್ರ ಜಿಗಿತ ಕಾಣುತ್ತಿತ್ತು. ಒಂದೇ ದಿಕ್ಕಿನಲ್ಲಿ, ದೂರ ಹೆಚ್ಚಿದಂತೆ ಹೆಚ್ಚುತ್ತ ಹೋಗುವ ವ್ಯತ್ಯಾಸವಾಗಿದ್ದರೆ ತಪ್ಪು ಕೈಯದಲ್ಲ, ಹಾಳೆಯದು ಅಥವಾ ಜೆರಾಕ್ಸ್ ಯಂತ್ರದ್ದು. ಯಂತ್ರದಲ್ಲಿ ತಯಾರಾದ ಕಾಗದದ ಎಳೆಗಳು ಒಂದು ದಿಕ್ಕಿಗೆ ಮಲಗಿರುವುದರಿಂದ ತೇವ ಏರಿಳಿದಾಗ ಅದು ಎರಡೂ ದಿಕ್ಕುಗಳಲ್ಲಿ ಒಂದೇ ಸಮ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ನೂರು ವರ್ಷ ಸುರುಳಿ ಸುತ್ತಿಟ್ಟ ಹಾಳೆಯನ್ನು ಬಿಚ್ಚಿ ಉರುಳೆ ಯಂತ್ರದಲ್ಲಿ ಎಳೆದು ಪ್ರತಿ ತೆಗೆದಾಗ ಆ ದಿಕ್ಕಿನಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ನೂರಕ್ಕೆ ಒಂದರಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. 3 ಮೀಟರ್ ಉದ್ದದ ಮಾದರಿಯಲ್ಲಿ ಮಾತ್ರ ಅದು 30 ಮಿಲಿಮೀಟರ್ ಆಗಿ ಎದುರು ನಿಲ್ಲುತ್ತದೆ.

ಪರೀಕ್ಷೆ ಸುಲಭ. ನಕ್ಷೆಯ ಕೆಳಗೆ ಬರೆದ ಅಳತೆಪಟ್ಟಿ ನಿಮ್ಮ ಪ್ರತಿಯಲ್ಲಿ ಉಳಿದಿದೆಯೇ? ಉಳಿದಿದ್ದರೆ 200 ಅಡಿ ಎಂದು ಗುರುತಾದ ಉದ್ದ ಸರಿಯಾಗಿ 5 ಇಂಚು, ಎಂದರೆ 127 ಮಿಲಿಮೀಟರ್ ಇರಬೇಕು. ಅಂಕಿಯಲ್ಲಿ ಬರೆದ ಪ್ರಮಾಣವನ್ನು ನಂಬುವ ಬದಲು ಪಟ್ಟಿಯನ್ನು ಅಳೆಯಿರಿ. ಹಾಳೆ ಕುಗ್ಗಿದರೆ ಪಟ್ಟಿಯೂ ಅದರೊಂದಿಗೆ ಕುಗ್ಗುತ್ತದೆ, ಅಂಕಿ ಕುಗ್ಗುವುದಿಲ್ಲ. ಪಟ್ಟಿ ಉದ್ದಕ್ಕೆ ಇದ್ದರೆ ಅದು ಹೇಳುವುದು ಉದ್ದದ ದಿಕ್ಕಿನ ವಿಷಯವನ್ನು ಮಾತ್ರ, ಆದ್ದರಿಂದ ಅಡ್ಡ ದಿಕ್ಕಿಗೆ ಬೇರೊಂದು ಸಾಕ್ಷಿ ಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಉದ್ದವನ್ನೂ ಅಗಲವನ್ನೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿಸಿ. ಎರಡಕ್ಕೂ ಒಂದೇ ಗುಣಕ ಹಾಕುವ ಅಭ್ಯಾಸವೇ ಇಂಥ ಬಹುಪಾಲು ತೊಡಕುಗಳ ಮೂಲ.

ಅಡ್ಡ ದಿಕ್ಕಿನ ಸಾಕ್ಷಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಆಶ್‌ಬರ್ಟನ್‌ನ ನಿಲ್ದಾಣದ ಕಟ್ಟಡ ನೆಲಸಮವಾಗದೆ ಉಳಿದು, ಗ್ಯಾರೇಜ್ ಆಗಿ ಬಳಕೆಗೆ ಬಂತು. ಉಪಗ್ರಹ ಚಿತ್ರದಲ್ಲಿ ಅದರ ಅಗಲವನ್ನು ಅಳೆಯಬಹುದು. ಒಂದೇ ಎಚ್ಚರಿಕೆ: ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಸೂರಿನ ಅಂಚು, ನಕ್ಷೆಯಲ್ಲಿರುವುದು ಗೋಡೆ. ಸೂರು ಎರಡೂ ಕಡೆ ಒಂದೊಂದು ಅಡಿ ಚಾಚಿದ್ದರೆ ನಿಮ್ಮ ಮಾದರಿಯ ಕಟ್ಟಡ 8 ಮಿಲಿಮೀಟರ್ ದಪ್ಪಗಾಗಿಬಿಡುತ್ತದೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ಸರ್ವೆ ನಕ್ಷೆಗಳನ್ನೂ ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ ಉಚಿತವಾಗಿ ನೋಡಬಹುದು. ಯಾವ ಗೋಡೆ ಇನ್ನೂ ನಿಂತಿದೆ, ಯಾವುದು ಹೆದ್ದಾರಿಯ ಕಡೆಗೆ ಹೋಯಿತು ಎಂದು ಒಂದು ಸಂಜೆಯಲ್ಲಿ ತಿಳಿದುಬಿಡುತ್ತದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ನಕ್ಷೆಯ ಕೆಲಸದಲ್ಲಿ ನಾನು ಅಕ್ಷರಶಃ ಪಾಲಿಸುತ್ತೇನೆ.

ಕವಲುಹಳಿ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಳತೆಗೋಲು ಅವರು ಹೇಳಿದಂತೆ ಪಟ್ಟಿಯನ್ನು ಅಳೆದೆ. 127 ಮಿಲಿಮೀಟರ್ ಇರಬೇಕಾದದ್ದು 125.8 ಇದೆ, ನೂರಕ್ಕೆ ಸುಮಾರು 0.94ರಷ್ಟು ಕುಗ್ಗಿದೆ. 3 ಮೀಟರಿಗೆ ಲೆಕ್ಕ ಹಾಕಿದರೆ ಬರುವುದು ಅದೇ 28 ಮಿಲಿಮೀಟರ್! ಉದ್ದದ ದಿಕ್ಕಿಗೆ ಮಾತ್ರ ಬೇರೆ ಗುಣಕ ಹಾಕಿದ ಮೇಲೆ ಎರಡು ನಕ್ಷೆಗಳೂ ಗೆರೆಯ ದಪ್ಪದೊಳಗೆ ಹೊಂದಿಕೊಂಡವು. ಎಷ್ಟೋ ತಿಂಗಳಿಂದ ಮನಸ್ಸಿನಲ್ಲಿ ಕುಳಿತಿದ್ದ ಗಂಟು ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡಿತು.

ಈಗ ಹೊಸದೊಂದು ಸಂದೇಹ. ಹಳೆಯ ಕವಲು ಮಾರ್ಗಗಳ ಸೊಗಸು ನನಗೆ ಇಷ್ಟವಾದ್ದರಿಂದ 1890ರ ಆಸುಪಾಸಿನ ನಿಲ್ದಾಣವನ್ನು ಕಟ್ಟೋಣವೆಂದುಕೊಂಡಿದ್ದೆ. ನನ್ನ ಛಾಯಾಚಿತ್ರಗಳೆಲ್ಲ ಬಹುಶಃ ಬಹಳ ನಂತರದವು. ಹಳಿಗಳ ವಿನ್ಯಾಸ ಅಷ್ಟೇನೂ ಬದಲಾಗಿರದಿದ್ದರೆ ನಂತರದ ನಕ್ಷೆಯನ್ನೇ ಹಿಂದಿನ ಕಾಲಕ್ಕೂ ಬಳಸಬಹುದೇ?

ಏಳಡಿಕಾಲಿಂಚು

ಕವಲುಹಳಿ ಅವರೇ, 1890 ಎಂದ ಕೂಡಲೇ ನಾನು ಮಾತನಾಡಲೇಬೇಕಾಯಿತು, ಏಕೆಂದರೆ ಆ ವರ್ಷ ನಿಮ್ಮ ನಿಲ್ದಾಣದಲ್ಲಿ ಇದ್ದದ್ದು ಬ್ರಾಡ್‌ಗೇಜ್. ಇದು 1676 ಮಿಲಿಮೀಟರಿನ ಭಾರತದ ಬ್ರಾಡ್‌ಗೇಜ್ ಅಲ್ಲ. ಇಂಜಿನಿಯರ್ ಬ್ರೂನೆಲ್ ಗ್ರೇಟ್ ವೆಸ್ಟರ್ನ್‌ಗೆಂದು ಆರಿಸಿದ 7 ಅಡಿ ಕಾಲು ಇಂಚಿನದು. ನಿಮ್ಮ ಪ್ರಮಾಣದಲ್ಲಿ ಅದು 28.08 ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರಿನ ‘ಓಓ’ ಎಂಬ ಸಿದ್ಧ ಮಾದರಿ ಹಳಿ ಅದರ ಹತ್ತಿರವೂ ಬರುವುದಿಲ್ಲ. ನಿಜ ಹೇಳಬೇಕೆಂದರೆ 4 ಅಡಿ 8½ ಇಂಚಿನ ಸ್ಟ್ಯಾಂಡರ್ಡ್ ಗೇಜಿಗೂ ಈ ಪ್ರಮಾಣದಲ್ಲಿ 18.83 ಮಿಲಿಮೀಟರ್ ಬೇಕು.

ಪ್ಯಾಡಿಂಗ್ಟನ್‌ನಿಂದ ಪೆನ್‌ಝನ್ಸ್‌ಗೆ ಹೋಗುವ ಕೊನೆಯ ಬ್ರಾಡ್‌ಗೇಜ್ ಗಾಡಿ 1892ರ ಮೇ 20ರ ಶುಕ್ರವಾರ ಹೊರಟಿತು. ಶನಿವಾರ, ಭಾನುವಾರಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರು ಎಕ್ಸೆಟರ್‌ನ ಪಶ್ಚಿಮಕ್ಕೆ ಉಳಿದಿದ್ದ ಮಾರ್ಗವನ್ನು ಕಿರಿದು ಮಾಡಿದರು. ಸೋಮವಾರ, ಮೇ 23ಕ್ಕೆ ಗಾಡಿಗಳು ಸ್ಟ್ಯಾಂಡರ್ಡ್ ಗೇಜಿನ ಮೇಲೆ ಓಡಿದವು. ಆಶ್‌ಬರ್ಟನ್ ಕವಲೂ ಆ ತಿಂಗಳೇ ಬದಲಾಯಿತು. ಮಾದರಿ ಮಾಡುವವರಿಗೆ ಮುಖ್ಯವಾದದ್ದು ಬದಲಾವಣೆಯ ವಿಧಾನ. ಅಲ್ಲಿ ಬಹಳ ಕಡೆ ಹಳಿಯ ಕೆಳಗೆ ಅಡ್ಡ ಸ್ಲೀಪರ್‌ಗಳಿರಲಿಲ್ಲ. ಹಳಿಯ ಉದ್ದಕ್ಕೂ ಮಲಗಿಸಿದ ದಪ್ಪ ತೊಲೆಗಳಿದ್ದವು, ಅವುಗಳ ನಡುವಿನ ಅಂತರವನ್ನು ಅಲ್ಲೊಂದು ಇಲ್ಲೊಂದು ಅಡ್ಡಪಟ್ಟಿ ಕಾಯುತ್ತಿತ್ತು. ಗೇಜ್ ಬದಲಿಸುವಾಗ ಅಡ್ಡಪಟ್ಟಿಗಳನ್ನು ಕತ್ತರಿಸಿ, ಒಂದು ಕಡೆಯ ಹಳಿಯನ್ನು ತೊಲೆಯ ಸಮೇತ 2 ಅಡಿ 3¾ ಇಂಚು ಒಳಕ್ಕೆ ತಳ್ಳಿದರು. ಹಾಗಾಗಿ ಪ್ಲಾಟ್‌ಫಾರ್ಮ್, ಗೂಡ್ಸ್ ಶೆಡ್‌ನ ಬಾಗಿಲು, ಹಳಿಯನ್ನೂ ಪ್ಲಾಟ್‌ಫಾರ್ಮನ್ನೂ ಒಟ್ಟಾಗಿ ಹೊದಿಸಿದ ಚಾವಣಿಯ ಅಗಲ, ಇವೆಲ್ಲ ಹಳೆಯ ಗೇಜಿಗೆ ಕಟ್ಟಿದ್ದು. ಹಳಿ ಮಾತ್ರ ಅವುಗಳೊಳಗೆ ಕಿರಿದಾಯಿತು.

ಇದರ ಗುರುತು ನಕ್ಷೆಯಲ್ಲಿ ಉಳಿಯುತ್ತದೆ, ಮತ್ತು ನಿಮ್ಮ ವರ್ಷವಿಲ್ಲದ ನಕ್ಷೆಯನ್ನು ಪ್ರಶ್ನಿಸಲು ಇದೊಂದು ಒಳ್ಳೆಯ ಉಪಾಯ. ಅಕ್ಕಪಕ್ಕದ ಎರಡು ಹಳಿಗಳ ನಡುವೆ 6 ಅಡಿ ಜಾಗ ಬಿಟ್ಟರೆ, ಬ್ರಾಡ್‌ಗೇಜಿನಲ್ಲಿ ಒಂದರ ನಡುಗೆರೆಯಿಂದ ಇನ್ನೊಂದರ ನಡುಗೆರೆಗೆ ಸುಮಾರು 13 ಅಡಿ 5 ಇಂಚು ಬರುತ್ತದೆ, ಸ್ಟ್ಯಾಂಡರ್ಡ್ ಗೇಜಿನಲ್ಲಿ 11 ಅಡಿ 2 ಇಂಚು. ಎರಡೂ ಹಳಿಗಳನ್ನು ಒಂದೇ ಬದಿಯಿಂದ ಕಿರಿದು ಮಾಡಿದ್ದರೆ ಹಳೆಯ ಅಂತರ ಹಾಗೆಯೇ ಉಳಿದಿರುತ್ತದೆ. ಪ್ಲಾಟ್‌ಫಾರ್ಮ್‌ನ ಹಳಿಗೂ ಇಂಜಿನ್ ಸುತ್ತಿಬರುವ ಲೂಪಿಗೂ ನಡುವಿನ ಅಂತರವನ್ನು ನಿಮ್ಮ 1:480ರ ಪ್ರತಿಯಲ್ಲಿ ಅಳೆಯಿರಿ: 8.5 ಮಿಲಿಮೀಟರ್ ಬಂದರೆ ಬ್ರಾಡ್‌ಗೇಜಿನ ಕಾಲದ ವಿನ್ಯಾಸ, 7.1 ಬಂದರೆ ಯಾವಾಗಲೋ ಹಳಿಗಳನ್ನು ಹೊಸದಾಗಿ ಹಾಸಿದ್ದಾರೆ. ಸರ್ವೆ ನಕ್ಷೆಯಲ್ಲಿ ಇದನ್ನು ಅಳೆಯಲು ಹೋಗಬೇಡಿ, ಅಲ್ಲಿ ಎರಡಕ್ಕೂ ಇರುವ ಅಂತರ ಒಂದು ಗೆರೆಯಷ್ಟು ಮಾತ್ರ. ಡೆವನ್‌ನ ಸರ್ವೆ ನಕ್ಷೆಯ ಮೊದಲ ಆವೃತ್ತಿ 1880ರ ದಶಕದ ಅಳತೆಯದು, ಎರಡನೆಯದು 1900ರ ದಶಕದ ಆರಂಭದ್ದು. ನಿಮ್ಮ ಎರಡು ಆವೃತ್ತಿಗಳು ಇವೇ ಆಗಿದ್ದರೆ ಗೇಜ್ ಬದಲಾವಣೆಗೆ ಮುಂಚಿನ ಮತ್ತು ಆಮೇಲಿನ ಎರಡು ಸಾಕ್ಷಿಗಳು ನಿಮ್ಮ ಕೈಯಲ್ಲಿಯೇ ಇವೆ. ಯಾವ ಸೈಡಿಂಗ್ ಇತ್ತು, ಯಾವುದು ಇರಲಿಲ್ಲ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ.

ಆದ್ದರಿಂದ ನಂತರದ ನಕ್ಷೆಯನ್ನು ಹಿಂದಿನ ಕಾಲಕ್ಕೆ ಬಳಸಬೇಡಿ ಎಂದು ಒತ್ತಿ ಹೇಳುತ್ತೇನೆ. ಬ್ರಾಡ್‌ಗೇಜ್ ಕಟ್ಟುವ ಧೈರ್ಯವಿದ್ದರೆ ಬ್ರಾಡ್ ಗೇಜ್ ಸೊಸೈಟಿಯವರ ನೆರವು ಕೇಳಿ. ಇಲ್ಲವಾದರೆ ನಿಮ್ಮ ಛಾಯಾಚಿತ್ರಗಳ ವರ್ಷವನ್ನು ಮೊದಲು ಗೊತ್ತುಮಾಡಿಕೊಂಡು, ಮಾದರಿಯನ್ನು ಆ ವರ್ಷಕ್ಕೆ ಕಟ್ಟಿ. ಸಾಕ್ಷ್ಯ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ನಿಲ್ಲುವುದು ನ್ಯಾಯ. ಇಷ್ಟದ ವರ್ಷವನ್ನು ಮೊದಲೇ ಆರಿಸಿಕೊಂಡವರು ಸಾಕ್ಷ್ಯ ಇಲ್ಲದ ಕಡೆಗಳಲ್ಲಿ ಕಲ್ಪನೆಯಿಂದ ತುಂಬಬೇಕಾಗುತ್ತದೆ.

ಹೊಗೆಚಿತ್ರ

ಛಾಯಾಚಿತ್ರಗಳ ವರ್ಷ ಕಂಡುಹಿಡಿಯುವ ಬಗ್ಗೆ ನನ್ನ ಎರಡು ಮಾತು. ಚಿತ್ರದಲ್ಲಿ ಇಂಜಿನ್ ಇದ್ದರೆ ಅದರ ಸಂಖ್ಯೆಯನ್ನು ಓದಿ. ಇಂಥ ಕವಲು ಮಾರ್ಗಗಳಲ್ಲಿ ಒಂದೆರಡು ಡಬ್ಬಿಗಳನ್ನು ಎಳೆಯುತ್ತಿದ್ದ ಗ್ರೇಟ್ ವೆಸ್ಟರ್ನ್‌ನ ಪುಟ್ಟ 4800 ವರ್ಗದ ಇಂಜಿನ್‌ಗಳು 1932ರಿಂದ ಬಂದವು. 1946ರಲ್ಲಿ ಅವುಗಳ ಸಂಖ್ಯೆಗಳನ್ನು 1400ರ ಸಾಲಿಗೆ ಬದಲಿಸಿದರು. 48ರಿಂದ ಶುರುವಾಗುವ ಸಂಖ್ಯೆ ಕಂಡರೆ ಚಿತ್ರ ಈ ಎರಡು ವರ್ಷಗಳ ನಡುವಿನದು, 14 ಎಂದಿದ್ದರೆ ಅದಕ್ಕೂ ಈಚಿನದು. ಡಬ್ಬಿಯ ಮೇಲೆ ಕಂಪನಿಯ ಮೂರು ಅಕ್ಷರಗಳನ್ನು ಒಂದು ವೃತ್ತದೊಳಗೆ ಹೆಣೆದ ಚಿಹ್ನೆ ಇದ್ದರೆ ಅದು 1934ಕ್ಕಿಂತ ಹಿಂದಿನದಾಗಲಾರದು.

ಎದುರುನೋಟದ ಚಿತ್ರ ಸಿಗದಿದ್ದರೂ ಗೋಡೆಯ ಛಾಯಾಚಿತ್ರದಿಂದ ಬಹಳಷ್ಟು ತೆಗೆಯಬಹುದು. ಓರೆಯಾಗಿ ಕಾಣುವ ಗೋಡೆಯ ನಾಲ್ಕು ಮೂಲೆಗಳಿಗೆ ಎರಡು ಕರ್ಣಗಳನ್ನು ಎಳೆದರೆ ಅವು ಕೂಡುವ ಬಿಂದು ಗೋಡೆಯ ನಿಜವಾದ ನಡು. ಆ ಅರ್ಧಗಳನ್ನು ಅದೇ ರೀತಿ ಮತ್ತೆ ಅರ್ಧಿಸುತ್ತ ಹೋದರೆ ಕಿಟಕಿ, ಬಾಗಿಲುಗಳ ಸ್ಥಾನ ತಿಳಿಯುತ್ತದೆ. ಗೋಡೆಯ ಒಟ್ಟು ಉದ್ದ ನಿಮ್ಮ ನಕ್ಷೆಯಲ್ಲಿ ಇದ್ದೇ ಇದೆ. ಆದರೆ ಅಳೆಯುವ ಎರಡು ವಸ್ತುಗಳೂ ಒಂದೇ ಸಮತಲದಲ್ಲಿರಬೇಕು: ಗೋಡೆಯಿಂದ ಆರಡಿ ಮುಂದೆ ನಿಂತ ಮನುಷ್ಯನನ್ನು ಗೋಡೆಗೆ ಅಳತೆಗೋಲು ಮಾಡಿದರೆ ಬಾಗಿಲು ಕುಳ್ಳಾಗುತ್ತದೆ.

ಆಕಾಶದಿಂದ ತೆಗೆದ ಚಿತ್ರಗಳನ್ನು ಮರೆಯಬೇಡಿ. ಏರೋಫಿಲ್ಮ್ಸ್ ಕಂಪನಿ 1919ರಿಂದ ತೆಗೆದ ಓರೆಚಿತ್ರಗಳು ‘ಬ್ರಿಟನ್ ಫ್ರಮ್ ಅಬವ್’ ಜಾಲತಾಣದಲ್ಲಿವೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ವಾಯುಪಡೆ ನೇರ ಮೇಲಿನಿಂದ ತೆಗೆದವು ಸ್ವಿಂಡನ್‌ನಲ್ಲಿರುವ ಹಿಸ್ಟಾರಿಕ್ ಇಂಗ್ಲೆಂಡ್‌ನ ಸಂಗ್ರಹದಲ್ಲಿವೆ. ಊರಿನ ಚಿತ್ರದ ಒಂದು ಮೂಲೆಯಲ್ಲಿ ನಿಲ್ದಾಣ ಸಿಕ್ಕಿಬಿದ್ದಿರುವುದುಂಟು. ಚಾವಣಿಯ ಇಳಿಜಾರು, ಕಲ್ಲಿದ್ದಲ ರಾಶಿಯ ಜಾಗ, ಅಂಗಳದಲ್ಲಿ ಗಾಡಿ ತಿರುಗಿದ ಗುರುತು, ಇವನ್ನೆಲ್ಲ ಯಾವ ನಕ್ಷೆಯೂ ಹೇಳುವುದಿಲ್ಲ. ಕ್ರೇನ್ ಎಷ್ಟು ಟನ್ನಿನದು, ದನಕರುಗಳನ್ನು ಇಳಿಸುವ ವ್ಯವಸ್ಥೆ ಇತ್ತೇ ಎಂಬುದಕ್ಕೆ ರೈಲ್ವೆ ಕಂಪನಿಗಳ ನಡುವಿನ ಲೆಕ್ಕ ನೋಡಿಕೊಳ್ಳುತ್ತಿದ್ದ ರೈಲ್ವೆ ಕ್ಲಿಯರಿಂಗ್ ಹೌಸ್‌ನ ನಿಲ್ದಾಣಗಳ ಕೈಪಿಡಿಯಲ್ಲಿ ಒಂದೇ ಸಾಲಿನ ಉತ್ತರವಿರುತ್ತದೆ. 1904ರದು, 1938ರದು ಎರಡನ್ನೂ ನೋಡಿ ಹೋಲಿಸಿ.

ಇದೇ ಸೌತ್ ಡೆವನ್ ರೈಲ್ವೆ ಗಾಡಿ ಓಡಿಸುತ್ತಿದ್ದ ಮೋರ್ಟನ್‌ಹ್ಯಾಂಪ್‌ಸ್ಟೆಡ್ ನಿಲ್ದಾಣಕ್ಕೂ ಆಶ್‌ಬರ್ಟನ್‌ನಲ್ಲಿದ್ದಂಥದೇ ಮರದ ಚಾವಣಿ ಇತ್ತು, ಅದು 1866ರದು. ಚಾವಣಿಯ ಜೋಡಣೆ ಅರ್ಥವಾಗಲು ಅದರ ಚಿತ್ರಗಳು ನೆರವಾಗುತ್ತವೆ. ಅದರ ಅಳತೆಗಳನ್ನು ಮಾತ್ರ ಇಲ್ಲಿಗೆ ತರಬೇಡಿ.

ಕವಲುಹಳಿ

ಎಲ್ಲರ ಉತ್ತರಗಳನ್ನೂ ಮುದ್ರಿಸಿ ಕೆಲಸದ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಹೊಗೆಚಿತ್ರ ಅವರು ಹೇಳಿದಂತೆ ಚಿತ್ರಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ಇಂಜಿನ್ ಇರುವ ನಾಲ್ಕರಲ್ಲಿ ಮೂರರ ಸಂಖ್ಯೆ 14ರಿಂದ ಶುರುವಾಗುತ್ತದೆ. ನನ್ನ ಸಾಕ್ಷ್ಯವೆಲ್ಲ ಯುದ್ಧದ ನಂತರದ್ದು ಎಂದಾಯಿತು. 1890ರ ಆಸೆಯನ್ನು ಬಿಡುವುದು ಸುಲಭವಾಗಲಿಲ್ಲ, ಆದರೂ ಬಿಟ್ಟಿದ್ದೇನೆ. ಮಾದರಿಯ ವರ್ಷ 1950ರ ದಶಕದ ಮೊದಲರ್ಧ, ಹಳಿ 18.83 ಮಿಲಿಮೀಟರಿನದು, ಕೈಯಿಂದಲೇ ಹಾಸುತ್ತೇನೆ.

ಏಳಡಿಕಾಲಿಂಚು ಅವರು ಸೂಚಿಸಿದ ಲೂಪಿನ ಅಂತರವನ್ನು ನನ್ನ ಜೆರಾಕ್ಸ್‌ನಲ್ಲಿ ಅಳೆಯುವುದಿಲ್ಲ. ಮಸುಕು ಗೆರೆಗಳು ಸರಿಯಾಗಿ ಆ ಜಾಗದಲ್ಲಿಯೇ ಇರುವುದರಿಂದ, ಇರುವ ಹಳಿ ಯಾವುದು, ಪ್ರಸ್ತಾವಿತ ಹಳಿ ಯಾವುದು ಎಂದು ತಿಳಿಯದೆ ಅಳೆದರೆ ಸಂಖ್ಯೆಯೊಂದು ಸಿಕ್ಕೀತೇ ಹೊರತು ಉತ್ತರ ಸಿಗದು. ನಾಲ್ಕು ಕಂಪನಿಗಳ ಹೆಸರಿನಲ್ಲೂ ಹುಡುಕಿ ಕಟ್ಟುಗಳ ಪಟ್ಟಿ ಮಾಡಿದ್ದೇನೆ, ‘ಎಂಟಿ 6’ರಲ್ಲಿ ಈ ಕವಲು ಮಾರ್ಗದ ತಪಾಸಣೆಯ ಕಡತಕ್ಕಾಗಿ ವಿಚಾರಣಾ ಪತ್ರ ಬರೆದಿದ್ದೇನೆ, ಬಣ್ಣದ ಪ್ರತಿ, ನಾಲ್ಕು ಅಂಚು ಮತ್ತು ಹಿಂಬದಿ ಬೇಕೆಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿದ್ದೇನೆ. ಅದು ಬರುವವರೆಗೆ ಕಟ್ಟಡದ ಗೋಡೆಗಳ ಮೇಲೆ ಕರ್ಣಗಳನ್ನು ಎಳೆಯುತ್ತ ಕೂರುತ್ತೇನೆ. ಬಂದ ದಿನ, ಅನುಮತಿ ಸಿಕ್ಕರೆ ನಕ್ಷೆಯನ್ನೇ, ಇಲ್ಲವಾದರೆ ಲೂಪಿನ ಅಂತರವನ್ನಾದರೂ ಇಲ್ಲಿ ಬರೆಯುತ್ತೇನೆ.